ಕಾಯುವ ಸೈನಿಕರ ಕಥೆ ರಂಗಕ್ಕೆ: ಕೊನೆಗೆ ಯುದ್ಧ ತೋರಿಸಬೇಕಾ?

ಪ್ರಶ್ನೆ: ನಮ್ಮದು ಶಿವಮೊಗ್ಗದ ಒಂದು ಚಿಕ್ಕ ಹವ್ಯಾಸಿ ರಂಗತಂಡ. ಇಟಲಿಯ ಲೇಖಕ ದೀನೋ ಬುಟ್ಸಾಟಿಯ ‘ತಾರ್ತಾರರ ಮರುಭೂಮಿ’ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದೆ, ತಲೆಯಿಂದ ಹೋಗಲೇ ಇಲ್ಲ. ಒಂದೂವರೆ ಗಂಟೆಯ ನಾಟಕ ಮಾಡೋಣ ಅಂತ ತಂಡಕ್ಕೆ 1976ರ ಸಿನಿಮಾ ತೋರಿಸಿದೆ. ಅರ್ಧದಲ್ಲೇ ಹುಡುಗರು ಫೋನ್ ಕೈಗೆತ್ತಿಕೊಂಡರು. "ಮೇಡಂ, ಇದರಲ್ಲಿ ಏನೂ ಆಗೋದೇ ಇಲ್ಲ. ಅವನು ಬಿಟ್ಟು ಹೋಗಬಹುದಲ್ವಾ?" ಅಂದರು. ಒಬ್ಬರು ಕೊನೆಗೆ ಯುದ್ಧ ಸೇರಿಸೋಣ ಅಂತಾರೆ. ಇನ್ನೊಬ್ಬರು ಕಥೆಯನ್ನೇ ಸಿಯಾಚಿನ್‌ಗೆ ತಂದರೆ ಜನಕ್ಕೆ ಹತ್ತಿರ ಆಗುತ್ತೆ ಅಂತಾರೆ. ನನ್ನ ಚಿಂತೆ ಬೇರೆ. ಮೂವತ್ತು ವರ್ಷ ಕಳೆದದ್ದು ರಂಗದ ಮೇಲೆ ಹೇಗೆ ಗೊತ್ತಾಗಬೇಕು? ಬೇಸರ ತೋರಿಸಲು ಹೋಗಿ ಪ್ರೇಕ್ಷಕರಿಗೇ ಬೇಸರ ಆದರೆ? ಅನುಮತಿ ಬೇಕಾಗುತ್ತಾ ಅನ್ನೋದೂ ಗೊತ್ತಿಲ್ಲ.

ಉತ್ತರ: ಹುಡುಗರು ಫೋನ್ ತೆಗೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅವನು ಯಾಕೆ ಬಿಟ್ಟು ಹೋಗೋದಿಲ್ಲ? ನಿಮ್ಮ ನಾಟಕ ಇದಕ್ಕೆ ಉತ್ತರ ಕೊಟ್ಟರೆ ಜನ ಒಂದೂವರೆ ಗಂಟೆ ಅಲ್ಲಾಡದೆ ಕೂರುತ್ತಾರೆ. ಕೊಡದಿದ್ದರೆ ಹತ್ತು ಯುದ್ಧ ಸೇರಿಸಿದರೂ ಪ್ರಯೋಜನ ಇಲ್ಲ. ನಾನು ಚಿತ್ರಕಥೆ, ಸಂಕಲನ ಎರಡರಲ್ಲೂ ಕೆಲಸ ಮಾಡುವವನು. ಕಾದಂಬರಿಯನ್ನು ಪರದೆಗೋ ರಂಗಕ್ಕೋ ತರಲು ಹೊರಟವರಿಂದ ನನಗೆ ಜಾಸ್ತಿ ಬರುವ ದೂರು ಇದೇ: ಓದುವಾಗ ಮೈ ಜುಂ ಅಂದಿತ್ತು, ಮಾಡಿ ನೋಡಿದರೆ ಏನೂ ಇಲ್ಲ. ಕಾರಣವೂ ಬಹಳ ಸಲ ಒಂದೇ. "ನಾಲ್ಕು ವರ್ಷ ಕಳೆಯಿತು" ಅಂತ ಪುಸ್ತಕ ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತದೆ. ಆ ಅರ್ಧ ಸಾಲನ್ನು ತೋರಿಸಲು ಏನು ಬೇಕು ಅಂತ ಯಾರೂ ಕೂತು ಯೋಚಿಸಿರುವುದಿಲ್ಲ.

ಓದದವರಿಗಾಗಿ ಕಥೆ ಎರಡು ಮಾತಲ್ಲಿ. ಜಿಯೊವಾನಿ ಡ್ರೋಗೊ ಅನ್ನುವ ಹೊಸ ಲೆಫ್ಟಿನೆಂಟ್‌ಗೆ ಗಡಿಯ ಬಾಸ್ತಿಯಾನಿ ಕೋಟೆಯಲ್ಲಿ ಮೊದಲ ಪೋಸ್ಟಿಂಗ್. ಎದುರಿಗೆ ಖಾಲಿ ಮರುಭೂಮಿ. ಆ ಕಡೆಯಿಂದ ಎಂದಾದರೂ ಶತ್ರು ಬರುತ್ತಾನೆ ಅಂತ ಎಲ್ಲರೂ ಕಾಯುತ್ತಾರೆ. ಇವನಿಗೆ ಬಂದ ದಿನವೇ ವಾಪಸ್ ಹೋಗುವ ಆಸೆ. ನಾಲ್ಕು ತಿಂಗಳು ಇರು, ವೈದ್ಯರ ಸರ್ಟಿಫಿಕೇಟ್ ಮೇಲೆ ಹೋಗುವೆಯಂತೆ ಅನ್ನುತ್ತಾರೆ. ಸರಿ ಅನ್ನುತ್ತಾನೆ. ಕೋಟೆ ಬಿಡುವಾಗ ಅವನಿಗೆ 54 ವರ್ಷ.

ಮೊದಲು ನಿಮ್ಮ ತಂಡದಲ್ಲಿ ಓಡಾಡುತ್ತಿರುವ ಕೆಲವು ತಪ್ಪು ತಿಳಿವಳಿಕೆ. ಇದು ಯಾವುದೋ ನಿಜವಾದ ಗಡಿಯ, ನಿಜವಾದ ತಾರ್ತಾರರ (ಮಧ್ಯ ಏಷ್ಯಾ ಕಡೆಯ ಅಲೆಮಾರಿ ಜನ) ಕಥೆ ಅಲ್ಲ. ದೇಶದ ಹೆಸರಿಲ್ಲ, ಶತ್ರುವಿನ ಮುಖ ಇಲ್ಲ. ಬುಟ್ಸಾಟಿ 1928ರಿಂದ ಮಿಲಾನ್‌ನ ‘ಕೊರಿಯೆರೆ ದೆಲ್ಲಾ ಸೇರಾ’ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದವರು. ಈ ಕಥೆ ಹುಟ್ಟಿದ್ದು ಅಲ್ಲಿನ ರಾತ್ರಿ ಪಾಳಿಯಲ್ಲಿ. ದಿನಾ ಅದೇ ಮೇಜು, ಅದೇ ಕೆಲಸ, ಸುತ್ತಲೂ ಒಂದು ದೊಡ್ಡ ಅವಕಾಶಕ್ಕೆ ಕಾಯುತ್ತಾ ತಲೆಗೂದಲು ಬೆಳ್ಳಗಾದ ಸಹೋದ್ಯೋಗಿಗಳು. ಕಾದಂಬರಿ 1940ರಲ್ಲಿ ಬಂತು. ಕೋಟೆ, ಸೈನ್ಯ, ಸಮವಸ್ತ್ರ ಎಲ್ಲ ಆಮೇಲಿನ ಉಡುಪು. ಇದು ತಂಡಕ್ಕೆ ಗೊತ್ತಿದ್ದರೆ ಅರ್ಧ ಜಗಳ ನಿಲ್ಲುತ್ತದೆ. ಸರ್ಕಾರಿ ಕಚೇರಿಯಲ್ಲೋ ಕಂಪನಿಯಲ್ಲೋ ಕೆಲಸ ಮಾಡಿ ಸಂಜೆ ತಾಲೀಮಿಗೆ ಬರುವ ನಿಮ್ಮ ನಟರಿಗೆ ಡ್ರೋಗೊ ದೂರದವನೇನಲ್ಲ.

ಎರಡನೆಯದು, ಶತ್ರು ಬರೋದೇ ಇಲ್ಲ ಅನ್ನುವ ನಂಬಿಕೆ. ಸಿನಿಮಾ ನೋಡಿದ ಎಷ್ಟೋ ಜನ ಹೀಗೇ ಹೇಳುತ್ತಾರೆ. ತಪ್ಪು. ಶತ್ರು ಬರುತ್ತಾನೆ. ಸಿಮಿಯೋನಿ ಅನ್ನುವ ಅಧಿಕಾರಿ ತನ್ನ ದುರ್ಬೀನಿನಲ್ಲಿ ದೂರದಲ್ಲಿ ಬೆಳಕು ನೋಡುತ್ತಾನೆ. ಅಲ್ಲಿ ರಸ್ತೆ ಮಾಡುತ್ತಿದ್ದಾರೆ ಅಂತ ಅವನಿಗೂ ಡ್ರೋಗೊಗೂ ಅನುಮಾನ. ಮೇಲಿನವರು ದುರ್ಬೀನನ್ನೇ ಬೇಡ ಅನ್ನುತ್ತಾರೆ. ಕಾದಂಬರಿಯಲ್ಲಿ ಆ ರಸ್ತೆ ಮುಗಿಯಲು ಹದಿನೈದು ವರ್ಷ ಹಿಡಿಯುತ್ತದೆ. ಕೊನೆಗೂ ಸೈನ್ಯ ಬಂದಾಗ ಡ್ರೋಗೊ ಲಿವರ್ ಕೆಟ್ಟು ಹಾಸಿಗೆ ಹಿಡಿದಿರುತ್ತಾನೆ. ಆಗ ಕೋಟೆಯ ಮುಖ್ಯಸ್ಥ ಅದೇ ಸಿಮಿಯೋನಿ. ಸಹಾಯಕ್ಕೆ ಬರುವ ಅಧಿಕಾರಿಗಳಿಗೆ ನಿನ್ನ ಕೋಣೆ ಬೇಕು ಅಂತ ಅವನನ್ನು ಗಾಡಿ ಹತ್ತಿಸಿ ಕಳಿಸಿಬಿಡುತ್ತಾನೆ. ಪಡೆಗಳೆಲ್ಲ ಕೋಟೆಯ ಕಡೆಗೆ ಏರುತ್ತಿವೆ, ಇವನ ಗಾಡಿ ಇಳಿಯುತ್ತಿದೆ.

"ಏನೂ ಆಗೋದಿಲ್ಲ" ಅನ್ನುವುದೂ ಅಷ್ಟೇ ತಪ್ಪು. ಲಾಜರಿಯ ಪ್ರಸಂಗವನ್ನು ಮತ್ತೆ ಓದಿ. ಕೋಟೆಯ ಹೊರಗೆ ಒಂದು ಕುದುರೆ ಕಾಣುತ್ತದೆ. ಲಾಜರಿ ಅನ್ನುವ ಸಿಪಾಯಿ ಅದು ತನ್ನದೇ ಅಂದುಕೊಂಡು ಯಾರಿಗೂ ಹೇಳದೆ ತರಲು ಹೋಗುತ್ತಾನೆ. ವಾಪಸ್ ಬರುವಾಗ ಗೋಡೆಯ ಮೇಲೆ ಪಹರೆಗೆ ನಿಂತವನು ಅವನ ಗೆಳೆಯ, ಎಲ್ಲರೂ ಮೊರೆಟ್ಟೊ ಅಂತ ಕರೆಯುವ ಹುಡುಗ. ಆ ದಿನದ ಪಾಸ್‌ವರ್ಡ್ ಲಾಜರಿಗೆ ಗೊತ್ತಿಲ್ಲ. ನಾನು ಕಣೋ ಅಂತ ಕೂಗುತ್ತಾನೆ, ಗೆಳೆಯನ ಹೆಸರು ಹಿಡಿದು ಕರೆಯುತ್ತಾನೆ. ಕೆಳಗಿರುವವನು ಯಾರು ಅಂತ ಮೇಲಿದ್ದವನಿಗೆ ಗೊತ್ತು. ಪಕ್ಕದಲ್ಲೇ ಸಾರ್ಜೆಂಟ್ ಮೇಜರ್ ಟ್ರಾಂಕ್ ನಿಂತಿದ್ದಾನೆ, ನಿಯಮಗಳನ್ನೇ ಉಸಿರಾಡುವ ಮನುಷ್ಯ. ಅವನು ಒಂದು ಮಾತೂ ಆಡುವುದಿಲ್ಲ. ನಿಲ್ಲಿಸು ಅನ್ನುವುದಿಲ್ಲ, ಹೊಡೆ ಅಂತಲೂ ಅನ್ನುವುದಿಲ್ಲ. ಮೊರೆಟ್ಟೊ ಗುಂಡು ಹಾರಿಸುತ್ತಾನೆ. ಬಂದೂಕು ಶತ್ರುವಿಗೆ ಅಂತ ಇಟ್ಟದ್ದು, ಸತ್ತವನು ತಮ್ಮವನು. ಇದಕ್ಕಿಂತ ಜಾಸ್ತಿ ನಾಟಕೀಯ ಆದದ್ದು ಇನ್ನೇನು ಬೇಕು? ರಂಗಕ್ಕೆ ಇದು ಹೇಳಿ ಮಾಡಿಸಿದ ದೃಶ್ಯ. ಎತ್ತರದಲ್ಲಿ ಇಬ್ಬರು, ಕೆಳಗೆ ಕತ್ತಲಲ್ಲಿ ಒಂದು ದನಿ. ಅಷ್ಟು ಸಾಕು. ಕುದುರೆಯೂ ಬೇಡ.

ಹಾಗೇ ಹಿಮದಲ್ಲಿ ಸಾಯುವ ಲೆಫ್ಟಿನೆಂಟ್ ಆಂಗುಸ್ತಿನಾನನ್ನೂ ಬಿಡಬೇಡಿ. ಗಡಿ ಗುರುತಿಸಲು ಬೆಟ್ಟ ಹತ್ತಿದ ರಾತ್ರಿ, ಮೇಲಿಂದ ಆ ಕಡೆಯವರು ನೋಡುತ್ತಿದ್ದಾರೆ ಅಂತ ಅವನು ಕೊರೆಯುವ ಚಳಿಯಲ್ಲೂ ಇಸ್ಪೀಟು ಆಡುತ್ತಲೇ ಇರುತ್ತಾನೆ. ಜೊತೆಗೆ ಆಡುತ್ತಿದ್ದ ಕ್ಯಾಪ್ಟನ್ ಎದ್ದು ಹೋದ ಮೇಲೂ ಎದುರಿಗೆ ಯಾರೋ ಇದ್ದಾರೆ ಅನ್ನುವ ಹಾಗೆ ಎಲೆ ಕೂಗುತ್ತಾನೆ.

ಈಗ ಹುಡುಗರ ಪ್ರಶ್ನೆಗೆ ಬರೋಣ. ಡ್ರೋಗೊನನ್ನು ಯಾರೂ ಕಟ್ಟಿಹಾಕಿಲ್ಲ. ನಾಲ್ಕು ತಿಂಗಳಾದ ಮೇಲೆ ಡಾಕ್ಟರು ಸರ್ಟಿಫಿಕೇಟ್ ಕೊಡಲು ತಯಾರಾಗಿಯೇ ಕೂತಿರುತ್ತಾರೆ. ಇವನು ಕಿಟಕಿಯಿಂದ ಹೊರಗೆ ನೋಡುತ್ತಾನೆ. ಅಂಗಳ, ಗೋಡೆ, ಪಹರೆ ಬದಲಾಗುವ ಹೊತ್ತು, ಕಹಳೆಯ ಸದ್ದು. ನಾನು ಚೆನ್ನಾಗಿಯೇ ಇದ್ದೇನೆ, ಇಲ್ಲೇ ಇರುತ್ತೇನೆ ಅಂದುಬಿಡುತ್ತಾನೆ. ಯಾಕೆ? ಒಂದು, ಅಷ್ಟರಲ್ಲಿ ಅವನಿಗೆ ಅಭ್ಯಾಸ ಆಗಿಬಿಟ್ಟಿದೆ. ಎರಡು, ಇಷ್ಟು ದಿನ ಕಾದು ಈಗ ಬಿಟ್ಟು ಹೋದರೆ, ನಾಳೆಯೇ ಶತ್ರು ಬಂದರೆ? ಕಾದ ಪ್ರತಿ ದಿನವೂ ಇನ್ನೊಂದು ದಿನ ಕಾಯಲು ಕಾರಣವಾಗುತ್ತದೆ. ಶೇರಿನಲ್ಲಿ ನಷ್ಟ ಆದವನು ಮಾರದೆ ಕೂರುವ ಹಾಗೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅವನಿಗೆ ಇಪ್ಪತ್ತು ಚಿಲ್ಲರೆ ವಯಸ್ಸು, ಕಾಲ ಮುಗಿಯುತ್ತದೆ ಅಂತ ಅವನಿಗೆ ಅನ್ನಿಸುವುದೇ ಇಲ್ಲ.

ಕೋಟೆಯ ನೆಲಮಾಳಿಗೆಯಲ್ಲಿ ಪ್ರೊಸ್ಡೋಚಿಮೊ ಅಂತ ಒಬ್ಬ ದರ್ಜಿ ಇದ್ದಾನೆ. ಹದಿನೈದು ವರ್ಷದಿಂದ ಅಲ್ಲೇ ಬಟ್ಟೆ ಹೊಲಿಯುತ್ತಾ, ನಾನು ಇವತ್ತೋ ನಾಳೆಯೋ ಹೊರಡುವವನು ಅನ್ನುತ್ತಿರುತ್ತಾನೆ. ಅವನು ಆ ಕಡೆ ಹೋದಾಗ ಅವನ ಮುದಿ ಅಣ್ಣ ಡ್ರೋಗೊನ ಕಿವಿಯಲ್ಲಿ, ಈ ಜ್ವರ ಅಂಟುವ ಮೊದಲೇ ನೀವು ಹೊರಟುಹೋಗಿ ಅಂತ ಪಿಸುಗುಟ್ಟುತ್ತಾನೆ. ಇದು ನಾಟಕದಲ್ಲಿ ಇರಲೇಬೇಕು. ಸಮಯ ಸಾಲದು ಅಂತ ಯಾರಾದರೂ ಕತ್ತರಿಸಲು ಹೊರಟರೆ ತಡೆಯಿರಿ.

ಊರಿಗೆ ರಜೆಯಲ್ಲಿ ಹೋಗುವ ಭಾಗವನ್ನೂ ಉಳಿಸಿ. ಸಿನಿಮಾ ಬಹುಪಾಲು ಕೋಟೆಯೊಳಗೇ ಉಳಿಯುತ್ತದೆ. ಅದರಿಂದ ವಾತಾವರಣ ಗಟ್ಟಿಯಾಗುತ್ತದೆ, ನಿಜ. ಆದರೆ ನಿಮ್ಮ ಹುಡುಗರ ಪ್ರಶ್ನೆಗೆ ಉತ್ತರ ಇರೋದು ಕೋಟೆಯ ಹೊರಗೆ. ಕಾದಂಬರಿಯಲ್ಲಿ ಅವನು ಊರಿಗೆ ಹೋಗುತ್ತಾನೆ. ಹಿಂದೆ ಮನಸ್ಸಿಗೆ ಹತ್ತಿರವಾಗಿದ್ದ ಹುಡುಗಿ ಮಾರಿಯಾಳ ಜೊತೆ ಕೂತರೂ ಮಾತು ಹತ್ತುವುದಿಲ್ಲ. ಇಬ್ಬರಿಗೂ ಹೇಳುವುದು ಇದೆ, ಇಬ್ಬರೂ ಬೇರೆ ಏನೋ ಹೇಳಿ ಎದ್ದುಬಿಡುತ್ತಾರೆ. ವರ್ಗಾವಣೆ ಕೇಳಲು ಹೋದರೆ, ಕೋಟೆಯ ಬಲವನ್ನೇ ಕಡಿಮೆ ಮಾಡುತ್ತಿದ್ದಾರೆ, ಜೊತೆಯವರೆಲ್ಲ ಗುಟ್ಟಾಗಿ ಮೊದಲೇ ಅರ್ಜಿ ಹಾಕಿಬಿಟ್ಟಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಅಂದರೆ ಮೊದಲು ಅವನೇ ಹೋಗಲಿಲ್ಲ, ಈಗ ಹೋಗಲು ಆಗುವುದಿಲ್ಲ. ಈ ತಿರುವನ್ನು ಹತ್ತು ನಿಮಿಷದ ಎರಡು ದೃಶ್ಯದಲ್ಲಿ ಹೇಳಬಹುದು. ಇಷ್ಟಾದರೆ "ಬಿಟ್ಟು ಹೋಗಬಹುದಲ್ವಾ" ಅಂತ ಯಾರೂ ಮತ್ತೆ ಕೇಳೋದಿಲ್ಲ.

ಸಿನಿಮಾದಿಂದ ಕಲಿಯುವುದು ಬಹಳ ಇದೆ, ಅದನ್ನು ಬೇಸರದ ಸಿನಿಮಾ ಅಂತ ಪಕ್ಕಕ್ಕಿಡಬೇಡಿ. ನಿರ್ದೇಶಕ ವಲೇರಿಯೋ ಜುರ್ಲೀನಿಯ ಕೊನೆಯ ಚಿತ್ರ ಅದು. 1982ರಲ್ಲಿ ಅವರು ತೀರಿಕೊಂಡರು. ಬುಟ್ಸಾಟಿ ಅದನ್ನು ನೋಡಲೇ ಇಲ್ಲ, 1972ರಲ್ಲೇ ಹೋಗಿಬಿಟ್ಟಿದ್ದರು. ಕೋಟೆಗಾಗಿ ಜುರ್ಲೀನಿ ಇರಾನಿನ ಆಗ್ನೇಯಕ್ಕೆ, ಕೆರ್ಮಾನ್ ಪ್ರಾಂತ್ಯದ ಬಾಮ್‌ಗೆ ಹೋದರು. ಹಸಿ ಇಟ್ಟಿಗೆ, ಮಣ್ಣಿನಲ್ಲೇ ಕಟ್ಟಿದ ಇಡೀ ಊರಿನಷ್ಟು ದೊಡ್ಡ ಕೋಟೆ. ಲುಚಿಯಾನೊ ತೋವೊಲಿಯ ಕ್ಯಾಮೆರಾದಲ್ಲಿ ಗೋಡೆಯೂ ಮರುಭೂಮಿಯೂ ಒಂದೇ ಬಣ್ಣ. ಮನುಷ್ಯರು ಮಾತ್ರ ಗರಿಗರಿ ಸಮವಸ್ತ್ರದಲ್ಲಿ ಬೇರೆಯಾಗಿ ಕಾಣುತ್ತಾರೆ. 2003ರ ಡಿಸೆಂಬರ್ 26ರಂದು ಭೂಕಂಪ ಆಗಿ ಆ ಕೋಟೆಯ ಬಹುಭಾಗ ಕುಸಿಯಿತು, ಬಾಮ್ ಊರಿನಲ್ಲಿ 26,000ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈಗ ನೀವು ಆ ಸಿನಿಮಾದಲ್ಲಿ ನೋಡುವ ಗೋಡೆಗಳು ಆಗಿನ ರೂಪದಲ್ಲಿ ಇಲ್ಲ. ಇದು ಕಥೆಗೆ ಸಂಬಂಧಪಟ್ಟದ್ದಲ್ಲ, ಆದರೆ ಇದು ಗೊತ್ತಿದ್ದು ನೋಡಿದರೆ ಆ ಚಿತ್ರಗಳು ಬೇರೆ ರೀತಿ ತಟ್ಟುತ್ತವೆ.

ಆದರೆ ನಿಮಗೆ ಉಪಯೋಗಕ್ಕೆ ಬರುವುದು ಕೋಟೆಗಿಂತ ಊಟದ ಮೇಜು. ಡ್ರೋಗೊ ಆಗಿ ಜಾಕ್ ಪೆರಾನ್, ಸುತ್ತ ಮ್ಯಾಕ್ಸ್ ಫಾನ್ ಸಿಡೋ, ವಿಟ್ಟೋರಿಯೊ ಗಾಸ್ಮನ್, ಜೂಲಿಯಾನೊ ಜೆಮ್ಮಾ, ಡಾಕ್ಟರಾಗಿ ಜಾನ್ ಲೂಯಿ ತ್ರಾಂತಿನ್ಯಾನ್. ಇಷ್ಟು ದೊಡ್ಡ ನಟರನ್ನು ಸುಮ್ನೆ ಪೋಸ್ಟರಿಗಾಗಿ ಸೇರಿಸಿದ್ದಲ್ಲ ಅಂತ ನನ್ನ ಅಭಿಪ್ರಾಯ. ಕಾಯುವಿಕೆಯ ಒಂದೊಂದು ವಯಸ್ಸು ಒಂದೊಂದು ಮುಖದಲ್ಲಿದೆ. ಒಬ್ಬನನ್ನು ಮೂವತ್ತು ವರ್ಷ ಮುದುಕನನ್ನಾಗಿ ಮಾಡುವ ಬದಲು, ಮೂವತ್ತು ವರ್ಷಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದ್ದಾರೆ. ಡ್ರೋಗೊ ತಲೆ ಎತ್ತಿದರೆ ಎದುರಿಗೆ ಕೂತವನು ಹತ್ತು ವರ್ಷದ ನಂತರದ ಅವನೇ. ಇದು ದೊಡ್ಡ ಉಪಾಯ. ಚಿತ್ರ ಸೋಲುವುದು ಎರಡನೇ ಅರ್ಧದಲ್ಲಿ. ಎಷ್ಟು ವರ್ಷ ಆಯಿತು ಅನ್ನುವ ಲೆಕ್ಕ ನೋಡುವವರಿಗೆ ತಪ್ಪಿಹೋಗುತ್ತದೆ. ಪೆರಾನ್ ಆಗ ಮೂವತ್ತೈದರ ಆಸುಪಾಸಿನವರು, ಕೊನೆಯಲ್ಲಿ ಕಾಯಿಲೆಯವರಾಗಿ ಕಾಣುತ್ತಾರೆಯೇ ಹೊರತು ಮುದುಕರಾಗಿ ಅಲ್ಲ. ಇಡೀ ಜೀವನ ಕಳೆದುಹೋಯಿತು ಅನ್ನುವ ಸಂಕಟ ಕಾದಂಬರಿಯಷ್ಟು ಹತ್ತುವುದಿಲ್ಲ. ನಿಮ್ಮ ಹುಡುಗರು ಫೋನ್ ತೆಗೆದದ್ದು ಬಹುಶಃ ಅಲ್ಲೇ.

ಹಾಗಾದರೆ ನೀವು ಏನು ಮಾಡಬಹುದು? ಒಬ್ಬನೇ ನಟ, ಮೇಕಪ್, ವಿಗ್ ಅನ್ನುವುದು ಸುಲಭದ ದಾರಿ. ಹತ್ತಿರದಿಂದ ನೋಡುವ ಚಿಕ್ಕ ರಂಗಮಂದಿರದಲ್ಲಿ ಬಿಳಿ ಪೌಡರ್ ಹಾಕಿದ ತಲೆ ನಗು ತರಿಸುತ್ತದೆ, ಅದೂ ನಗಬಾರದ ಜಾಗದಲ್ಲಿ. ಮೂರು ನಟರು ಮೂರು ವಯಸ್ಸಿನ ಡ್ರೋಗೊ ಆಗುವುದು ಇನ್ನೊಂದು ದಾರಿ. ಇದರಲ್ಲಿ ಅಪಾಯ ಮೊದಲ ಬದಲಾವಣೆಯಲ್ಲಿ. ಇವನು ಯಾರು ಅಂತ ಜನ ಎರಡು ನಿಮಿಷ ತಡಕಾಡಿದರೆ ಮುಂದಿನ ದೃಶ್ಯ ಹಾಳು. ಅದಕ್ಕೆ ಒಂದು ವಸ್ತು ಕೈಯಿಂದ ಕೈಗೆ ಹೋಗಬೇಕು. ದರ್ಜಿ ಹೊಲಿದುಕೊಟ್ಟ ನಿಲುವಂಗಿ ಇದೆಯಲ್ಲ, ಅದು ಸಾಕು. ಹಳೆಯ ನಟ ಬಿಚ್ಚುತ್ತಾನೆ, ಹೊಸಬ ಹಾಕಿಕೊಳ್ಳುತ್ತಾನೆ, ಮಾತು ಬೇಡ.

ನಾನು ಆರಿಸುವುದು ಮೂರನೆಯ ದಾರಿ, ಅದು ಕಾದಂಬರಿಯಲ್ಲೇ ಇದೆ. ಶುರುವಿನಲ್ಲಿ ಡ್ರೋಗೊ ಕುದುರೆ ಮೇಲೆ ಕೋಟೆಗೆ ಬರುತ್ತಾ, ಕಣಿವೆಯ ಆ ಕಡೆಯ ದಾರಿಯಲ್ಲಿ ಹೋಗುತ್ತಿರುವ ಕ್ಯಾಪ್ಟನ್ ಓರ್ತಿಸ್‌ನನ್ನು ನೋಡಿ ಕೂಗಿ ಮಾತಾಡಿಸುತ್ತಾನೆ. ಎಷ್ಟೋ ವರ್ಷದ ನಂತರ ಡ್ರೋಗೊ ತಾನೇ ಕ್ಯಾಪ್ಟನ್ ಆಗಿ ರಜೆ ಮುಗಿಸಿ ವಾಪಸ್ ಬರುವಾಗ, ಕಣಿವೆಯ ಆ ಕಡೆಯಿಂದ ಮೋರೊ ಅನ್ನುವ ಹೊಸ ಲೆಫ್ಟಿನೆಂಟ್ ಹಾಗೇ ಕೂಗುತ್ತಾನೆ, "ಕ್ಯಾಪ್ಟನ್ ಸಾಹೇಬ್ರೇ!" ದೃಶ್ಯ ಅದೇ, ಜಾಗ ಅದೇ, ಇವನು ಮಾತ್ರ ಆ ಕಡೆಗೆ ಹೋಗಿದ್ದಾನೆ. ರಂಗದ ಎರಡು ತುದಿಯಲ್ಲಿ ಇಬ್ಬರನ್ನು ನಿಲ್ಲಿಸಿ. ಮೊದಲ ಸಲ ಡ್ರೋಗೊ ಎಡಕ್ಕೆ, ಎರಡನೇ ಸಲ ಬಲಕ್ಕೆ. ಸಂಭಾಷಣೆಯ ಒಂದು ಪದವನ್ನೂ ಬದಲಿಸಬೇಡಿ. ಪ್ರೇಕ್ಷಕರಿಗೆ ಎಷ್ಟು ವರ್ಷ ಆಯಿತು ಅಂತ ಯಾರೂ ಹೇಳಬೇಕಾಗಿಲ್ಲ. ಇದರ ಅಪಾಯ ಒಂದೇ: ಮೊದಲ ದೃಶ್ಯ ನೆನಪಿನಲ್ಲಿ ಉಳಿಯುವಷ್ಟು ಗಟ್ಟಿಯಾಗಿರಬೇಕು. ಅಲ್ಲಿ ನಟ ಸಡಿಲ ಬಿಟ್ಟರೆ ಎರಡನೆಯದಕ್ಕೆ ಅರ್ಥವೇ ಇರೋದಿಲ್ಲ. ತಾಲೀಮಿನ ಹೊತ್ತನ್ನು ಇದಕ್ಕೆ ಧಾರಾಳವಾಗಿ ಕೊಡಿ.

ಬೇಸರದ ಬಗ್ಗೆ ಕೇಳಿದಿರಿ. ಬೇಸರ ತೋರಿಸಲು ನಿಧಾನ ಮಾಡಬೇಕಾಗಿಲ್ಲ. ಕಾಯುವವರು ಸುಮ್ನೆ ಕೂರುವುದಿಲ್ಲ, ಅವರಿಗೆ ಸದಾ ಕೆಲಸ ಇರುತ್ತದೆ. ಪಹರೆ ಬದಲಾಗಬೇಕು, ಪಾಸ್‌ವರ್ಡ್ ಬದಲಾಗಬೇಕು, ಗುಂಡಿ ಹೊಳೆಯಬೇಕು, ವರದಿ ಬರೆಯಬೇಕು. ಇವನ್ನೆಲ್ಲ ಚುರುಕಾಗಿ, ಎಚ್ಚರಿಕೆಯಿಂದ ಮಾಡಿಸಿ. ಇಷ್ಟು ನಿಷ್ಠೆಯಿಂದ ಇಷ್ಟು ಬರಿದಾದ ಕೆಲಸ ನಡೆಯುತ್ತಿದೆ ಅನ್ನುವುದೇ ನೋಡುವವರನ್ನು ಹಿಡಿಯುತ್ತದೆ. ಇನ್ನೊಂದು, ಡ್ರೋಗೊನ ಮೊದಲ ರಾತ್ರಿ ನೀರಿನ ತೊಟ್ಟಿಯಿಂದ ಹನಿ ಬೀಳುವ ಸದ್ದು ಅವನ ನಿದ್ದೆ ಕೆಡಿಸುತ್ತದೆ. ಏನು ಮಾಡಿದರೂ ನಿಲ್ಲೋದಿಲ್ಲ ಅನ್ನುತ್ತಾರೆ. ಆ ಸದ್ದನ್ನು ಮೊದಲ ದೃಶ್ಯಗಳಲ್ಲಿ ಕಿರಿಕಿರಿ ಆಗುವಷ್ಟು ಕೇಳಿಸಿ, ಆಮೇಲೆ ತೆಗೆದುಬಿಡಿ. ಕೊನೆಯ ಭಾಗದಲ್ಲಿ ಹೊಸದಾಗಿ ಬಂದವನೊಬ್ಬ ಈ ಸದ್ದಿಗೆ ನಿದ್ದೆ ಬರೋದಿಲ್ಲ ಸರ್ ಅಂದಾಗ ಡ್ರೋಗೊ, ಯಾವ ಸದ್ದು ಅಂತ ಕೇಳಲಿ. ಕೊನೆಯದು ಕಾದಂಬರಿಯಲ್ಲಿ ಇಲ್ಲ, ನನ್ನ ಸಲಹೆ ಅಷ್ಟೇ.

ಸಿಯಾಚಿನ್ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಅಲ್ಲಿ ನಮ್ಮ ಸೈನ್ಯ ಇರುವುದು 1984ರ ಏಪ್ರಿಲ್‌ನಿಂದ. ಅಲ್ಲಿನವರು ಸರದಿಯ ಮೇಲೆ ಹೋಗುತ್ತಾರೆ, ಸರದಿ ಮುಗಿದ ಮೇಲೆ ಇಳಿಯುತ್ತಾರೆ. ಡ್ರೋಗೊನ ಹಾಗೆ ತಾನೇ ಆರಿಸಿಕೊಂಡು ಕೂತವರಲ್ಲ. ಅವರು ಕಾಯುತ್ತಿರುವುದು ಭ್ರಮೆಗಾಗಿಯೂ ಅಲ್ಲ. 2016ರ ಫೆಬ್ರವರಿಯಲ್ಲಿ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಆರು ದಿನದ ಮೇಲೆ ಜೀವಂತ ಸಿಕ್ಕಿ, ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಹನುಮಂತಪ್ಪ ಕೊಪ್ಪದ ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನವರು. ನಿಮ್ಮ ಪ್ರೇಕ್ಷಕರು ಅದನ್ನು ಮರೆತಿಲ್ಲ. ಆ ಜಾಗದಲ್ಲಿ "ಇವನ ಬದುಕು ವ್ಯರ್ಥವಾಯಿತು" ಅನ್ನುವ ಕಥೆ ಹೇಳಿದರೆ ಅವರಿಗೂ ಅನ್ಯಾಯ, ಬುಟ್ಸಾಟಿಗೂ ಅನ್ಯಾಯ. ಹತ್ತಿರ ತರಲೇಬೇಕು ಅಂತಿದ್ದರೆ ಭಾಷೆಯನ್ನು ಹತ್ತಿರ ತನ್ನಿ. ಸಿಪಾಯಿಗಳು ನಿಮ್ಮೂರಿನ ಕನ್ನಡ ಮಾತಾಡಲಿ. ಜಾಗಕ್ಕೆ ಹೆಸರು ಬೇಡ.

ಯುದ್ಧ ಸೇರಿಸುವುದೂ ಬೇಡ. ಕಾರಣ ಈಗಾಗಲೇ ನಿಮಗೆ ಹೊಳೆದಿರಬೇಕು. ಯುದ್ಧ ನಡೆಯುವ ಜಾಗದಲ್ಲಿ ಡ್ರೋಗೊ ಇಲ್ಲ, ಪ್ರೇಕ್ಷಕರು ಅವನ ಜೊತೆ ಗಾಡಿಯಲ್ಲಿದ್ದಾರೆ. ಅವನಿಗೆ ಸಿಗದ್ದನ್ನು ಅವರಿಗೆ ತೋರಿಸಿದರೆ ಅವನನ್ನು ಅಲ್ಲೇ ಕೈಬಿಟ್ಟ ಹಾಗೆ. ಫಿರಂಗಿ ಸದ್ದು ಕೂಡ ಬೇಡ. ಕಾದಂಬರಿಯ ಕೊನೆ ದಾರಿಯ ಒಂದು ವಸತಿಗೃಹದ ಕೋಣೆಯಲ್ಲಿ. ಒಬ್ಬನೇ ಇದ್ದಾನೆ, ಸಾವು ಬರುತ್ತಿದೆ, ತಾನು ಕಾದದ್ದು ಈ ಎದುರಾಳಿಗೆ ಅಂತ ಅವನಿಗೆ ಅರ್ಥವಾಗುತ್ತದೆ. ನೆಟ್ಟಗೆ ಕೂತು ಸಮವಸ್ತ್ರದ ಕಾಲರ್ ಸರಿ ಮಾಡಿಕೊಳ್ಳುತ್ತಾನೆ. ಆ ಕೋಣೆಗೆ ಸಿನಿಮಾ ಕಾದಂಬರಿಯಷ್ಟು ಜಾಗ ಕೊಟ್ಟಿಲ್ಲ. ನೀವು ಕೊಡಿ. ರಂಗಕ್ಕೆ ಒಂದು ಕುರ್ಚಿ, ಒಬ್ಬ ನಟ ಸಾಕಾಗುವ ದೃಶ್ಯ ಅದು. ತಂಡದಲ್ಲಿ ಇರುವ ಅತಿ ಹಿರಿಯ ನಟರಿಗೆ ಕೊಡಿ.

ಅನುಮತಿ ಬೇಕು. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕು ಇರುತ್ತದೆ, ಲೆಕ್ಕ ಶುರುವಾಗುವುದು ಮುಂದಿನ ವರ್ಷದ ಮೊದಲ ದಿನದಿಂದ. ಬುಟ್ಸಾಟಿ ಹೋದದ್ದು 1972ರಲ್ಲಿ, ಹಾಗಾಗಿ 2032ರ ಕೊನೆಯವರೆಗೆ. ನೀವು ಓದಿದ್ದು ಇಂಗ್ಲಿಷ್ ಅನುವಾದ. ಅದರ ಹಕ್ಕು ಬೇರೆ, ಅದರ ಸಾಲುಗಳನ್ನೇ ಹಿಡಿದು ಕನ್ನಡ ಮಾಡಿದರೆ ಆ ಕಡೆಯಿಂದಲೂ ಒಪ್ಪಿಗೆ ಬೇಕಾಗುತ್ತದೆ. ಸಿನಿಮಾದವರು ಹೊಸದಾಗಿ ಸೇರಿಸಿದ್ದನ್ನು ಮುಟ್ಟಲೇಬೇಡಿ. ಟಿಕೆಟ್ ಇಲ್ಲದ ಹವ್ಯಾಸಿ ಪ್ರದರ್ಶನಕ್ಕೆ ಕಾಯ್ದೆಯಲ್ಲಿ ಸ್ವಲ್ಪ ವಿನಾಯಿತಿ ಇದೆ, ಆದರೆ ಅದನ್ನೇ ನಂಬಿಕೊಂಡು ಹೊಸದಾಗಿ ರೂಪಾಂತರ ಬರೆಯಲು ಕೂರಬೇಡಿ. ಟಿಕೆಟ್ ಇಟ್ಟರಂತೂ ಅದು ನಿಮಗೆ ಸಿಗುವುದಿಲ್ಲ. ಊರಿನಲ್ಲಿ ಈ ವಿಷಯ ಗೊತ್ತಿರುವ ಒಬ್ಬ ವಕೀಲರನ್ನು ಒಮ್ಮೆ ಕೇಳಿ. ಇಟಲಿಯ ಪ್ರಕಾಶಕರ ಹಕ್ಕುಗಳ ವಿಭಾಗಕ್ಕೆ ಈಗಲೇ ಒಂದು ಇಮೇಲ್ ಬರೆಯಿರಿ. ತಂಡ ಎಷ್ಟು ಚಿಕ್ಕದು, ಎಷ್ಟು ಪ್ರದರ್ಶನ, ಎಷ್ಟು ಸೀಟು, ಟಿಕೆಟ್ ಇದೆಯಾ ಇಲ್ವಾ, ಎಲ್ಲ ಬಿಡಿಸಿ ಹೇಳಿ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಆ ಕಣಿವೆಯ ದೃಶ್ಯವನ್ನು ತಂಡದೊಳಗೇ ಓದಿ ನೋಡಿ. ಮೊದಲ ಓದಿಗೆ ಫೋನ್ ತೆಗೆದ ಹುಡುಗರನ್ನೇ ಓರ್ತಿಸ್ ಮತ್ತು ಡ್ರೋಗೊ ಮಾಡಿ ನಿಲ್ಲಿಸಿ.